ಕಾರ್ಡು ಕಿತ್ತರೂ ನಿಲ್ಲದ ಯಂತ್ರ

ಬೋಟು ದಕ್ಕೆಗೆ ಬಂದು, ಮೀನು ಇಳಿಸಿ, ಅದರ ಜನ ಚಾ ಕುಡಿಯುತ್ತಿದ್ದರು. ನಮ್ಮ ಸ್ಕ್ರೀನಿನಲ್ಲಿ ಅದೇ ಬೋಟು ಇನ್ನೂ ಕಿರಿಮಂಜೇಶ್ವರದ ಎದುರು ಸಮುದ್ರದಲ್ಲಿತ್ತು.

"ಹ್ವಾಯ್, ಕಂಪ್ಯೂಟರ್ ಹೆಣೆ," ಎಂದು, ನಮ್ಮ ಕಡೆ ಹುಡುಗಿಯರನ್ನು ಕರೆಯುವ ಹಾಗೆ ಕರೆದು, ಬೋಟಿನವರ ಸಂಘದ ಕಾರ್ಯದರ್ಶಿ ಫೋನಿನಲ್ಲಿ ನಗುತ್ತಿದ್ದರು. "ನಿನ್ನ ಮಿಷನ್ ಪ್ರಕಾರ ನಾನೀಗ ನಡು ಸಮುದ್ರದಲ್ ಇಪ್ಪು ಜನದ್ ಹತ್ರ ಮಾತಾಡ್ತಿದ್ದೆ. ಎದ್ರಿಗೇ ಕೂಕಂಡ್ ಬಿಸ್ಕುಟ್ ಅದ್ದಿ ತಿಂತಿದ್ರ್ ಮಾರಾಯ್ತಿ. ಎಂತ ಮಾಡುದ್ ಹೇಳ್?"

ನಾನು ಬಸ್ಸು ಹಿಡಿದು, ಆ ಸ್ಕ್ರೀನಿದ್ದ ಕಡಲತಡಿಯ ಊರು ಕೋಡಿಗೆ ಹೋದೆ. ಯಂತ್ರ ಸ್ತಬ್ಧವಾಗಿತ್ತು. ಚುಕ್ಕಿಗಳು ಸ್ಕ್ರೀನಿನ ಮೇಲೆ ಅಚ್ಚೊತ್ತಿದ ಹಾಗೆ ನಿಂತಿದ್ದವು, ಯಾವ ಕೀ ಒತ್ತಿದರೂ ಉತ್ತರವಿಲ್ಲ. ಕೆಟ್ಟು ಕಪ್ಪಾಗಿದ್ದರೆ ಚಿಂತೆಯಿರಲಿಲ್ಲ. ಸತ್ತ ಮೇಲೂ ಬದುಕಿದ ಹಾಗೆ ಬೋಟು ಇಲ್ಲಿದೆ, ಅಲ್ಲಿದೆ ಎಂದು ತೋರಿಸುತ್ತ ಕೂತಿತ್ತಲ್ಲ, ಅದು ನನಗೆ ಹೆದರಿಕೆ ಹುಟ್ಟಿಸಿತು.

ಇದು ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ಕುಂದಾಪುರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ಬೋಟಿನ ವಯರ್‌ಲೆಸ್ ಸೆಟ್ಟು, ಜಿಪಿಎಸ್ಸು ರಿಪೇರಿ ಮಾಡುವ ಅಂಗಡಿ ಅದು. ಮಾಲೀಕರು ಮುಂಬೈಯಲ್ಲಿ ಬಹಳ ವರ್ಷ ರೇಡಿಯೊ ಕೆಲಸ ಮಾಡಿ ಊರಿಗೆ ಮರಳಿದವರು. ಅವರ ತಲೆಯಲ್ಲಿ ಹುಟ್ಟಿದ ಯೋಜನೆ ಇದು: ಪ್ರತಿ ಬೋಟಿನಲ್ಲೂ ಒಂದು ಪೆಟ್ಟಿಗೆ, ಅದು ಆಗಾಗ ತಾನಿರುವ ಜಾಗವನ್ನು ರೇಡಿಯೊದಲ್ಲಿ ಕೂಗಿ ಹೇಳುತ್ತದೆ. ಕೋಡಿಯ ಒಂದು ಕೋಣೆಯಲ್ಲಿ ನಾಲ್ಕು ರಿಸೀವರು ಅದನ್ನು ಕೇಳಿಸಿಕೊಳ್ಳುತ್ತವೆ. ಬ್ರಹ್ಮಾವರದಲ್ಲಿ ವೆಲ್ಡ್ ಮಾಡಿಸಿ ತಂದ ಕಂಬದ ಮೇಲೆ ಆಂಟೆನಾ. ಕರೆಂಟು ಹೋದರೂ ನಡೆಯಬೇಕೆಂದು ಲ್ಯಾಪ್‌ಟಾಪ್. ಆ ಲ್ಯಾಪ್‌ಟಾಪಿಗೆ ರಿಸೀವರುಗಳ ವಯರು ಸಿಕ್ಕಿಸುವ ತೂತು ಇಲ್ಲವಾದ್ದರಿಂದ ಅದರ ಪಕ್ಕದ ಸಂದಿಯಲ್ಲಿ ಒಂದು ಕಾರ್ಡು, ಇಸ್ಪೀಟು ಎಲೆಗಿಂತ ಸ್ವಲ್ಪ ದಪ್ಪ, ತೂರಿಸಿದ್ದೆವು. ಆ ಕಾರ್ಡಿನೊಂದಿಗೆ ಮಾತಾಡುವ ಡ್ರೈವರ್ ಎಂಬ ತಂತ್ರಾಂಶ ನನ್ನ ಪಾಲಿನದು. ಕಾರ್ಡಿನ ಕಂಪೆನಿ ಕೊಟ್ಟ ಹಳೆಯ ಡ್ರೈವರನ್ನು ನಾನೇ ತಿದ್ದಿ, ಲಿನಕ್ಸ್‌ನ ಹೊಸ ಕರ್ನಲ್‌ಗೆ ಒಗ್ಗಿಸಿದ್ದೆ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಉಳಿದ ಪ್ರೋಗ್ರಾಮು ತಪ್ಪಿದರೆ ಅದೊಂದೇ ಸಾಯುತ್ತದೆ, ಕರ್ನಲ್ ಒಳಗಿನದು ತಪ್ಪಿದರೆ ಇಡೀ ಯಂತ್ರ ಸಾಯುತ್ತದೆ.

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಅಬ್ಬಿ, ಅಂದರೆ ಅಮ್ಮ, ಮೀನು ಬುಟ್ಟಿ ಹೊತ್ತಳು, ಅಣ್ಣ ಏಳನೆಗೆ ಶಾಲೆ ಬಿಟ್ಟು ಬೋಟು ಹತ್ತಿದ, ನಾನು ಓದಿದೆ. ಅಷ್ಟು ಕಷ್ಟಕ್ಕೆ ಸಿಕ್ಕಿದ್ದನ್ನು ಏನೂ ಅಲ್ಲ ಎನ್ನುವ ವಿನಯ ನನಗೆ ಬರುವುದಿಲ್ಲ.

ಸಂಘ ಒಪ್ಪಿದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಒಂದು ಬೋಟು ಇಂಜಿನ್ ಕೆಟ್ಟು ತೇಲಿಹೋದಾಗ ಹುಡುಕಲು ಹೋದವರೆಲ್ಲ ತೆಂಕಕ್ಕೆ ಹೋದರು, ಬೋಟು ಬಡಗಕ್ಕೆ ಹೋಗಿತ್ತು. ಜನ ಬದುಕಿ ಬಂದದ್ದು ಅದೃಷ್ಟ. ಹಾಗಾಗಿ ಕೆಲವು ಬೋಟುಗಳಿಗೆ ಪೆಟ್ಟಿಗೆ ಹಾಕಿ, ಮಳೆಗಾಲದಲ್ಲಿ ಕಡಲು ಬಂದ್ ಆಗುವ ತನಕ ಪರೀಕ್ಷೆ. ಸರಿ ಹೋದರೆ ಎಲ್ಲ ಬೋಟಿಗೂ, ಇಲ್ಲವಾದರೆ ಎಲ್ಲ ಬಿಚ್ಚಿ ವಾಪಸು. ಪೆಟ್ಟಿಗೆ ಹಾಕಿಸಿಕೊಂಡವರಲ್ಲಿ ನನ್ನ ಅಣ್ಣನೂ ಒಬ್ಬ. ಅವನು ಆಗ ಒಂದು ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು.

ಅವನು ಒಪ್ಪಿದ್ದಲ್ಲ, ಅತ್ತಿಗೆ ಒಪ್ಪಿಸಿದ್ದು. ಪೆಟ್ಟಿಗೆ ಹಾಕಿದ ದಿನ ಅವಳು ನನಗೆ ಹೇಳಿದಳು: "ಕಾಣ್, ನಂಗೆ ನಿನ್ನ ಮಿಷನ್ ಗಿಷನ್ ಅರ್ಥ ಆತಿಲ್ಲೆ. ಅವ್ರ್ ಎಲ್ಲಿದ್ರ್ ಅಂದೇಳಿ ನಾನ್ ಯಾವಾಗ ಕೇಂಡ್ರೂ ನೀ ಹೇಳ್ಕ್. ಅಷ್ಟೇ."

"ಹೇಳ್ತೆ ಅತ್ತಿಗೆ," ಎಂದೆ.

ಆ ಮಾತು ಕೊಟ್ಟ ಮೇಲೆ ಯಂತ್ರ ವಾರದಲ್ಲಿ ಎರಡು ಮೂರು ಸಲ ಸಾಯತೊಡಗಿತು.

ಲ್ಯಾಪ್‌ಟಾಪನ್ನು ವರ್ಕ್‌ಶಾಪಿಗೆ ತಂದು ಓಡಿಸಿದೆ. ದಿನಗಟ್ಟಲೆ ಓಡಿತು, ಒಮ್ಮೆಯೂ ನಿಲ್ಲಲಿಲ್ಲ. ಕೋಡಿಗೆ ಕೊಂಡುಹೋಗಿ ಇಟ್ಟೆ, ಮರುದಿನವೇ ನಿಂತಿತು. ಉಪ್ಪು ಗಾಳಿ ಎಂದುಕೊಂಡು ಕಾರ್ಡಿನ ಹಲ್ಲುಗಳನ್ನು ಒರೆಸಿದೆ. ಬಿಸಿ ಎಂದುಕೊಂಡು ಫ್ಯಾನು ಇಟ್ಟೆ. ಕರೆಂಟಿನ ಏರಿಳಿತ ಎಂದುಕೊಂಡು ಸ್ಟೆಬಿಲೈಜರ್ ಹಾಕಿದೆ. ರಿಸೀವರುಗಳನ್ನು ಒಂದೊಂದಾಗಿ ಬಿಚ್ಚಿ, ಯಾವುದಿಲ್ಲದಾಗ ಸರಿಯಿರುತ್ತದೆ ಎಂದು ನೋಡಿದೆ. ಏನು ಮಾಡಿದರೂ ಮಧ್ಯಾಹ್ನದ ಹೊತ್ತಿಗೆ, ಇಲ್ಲವೇ ಸಂಜೆಗೆ ನಿಲ್ಲುತ್ತಿತ್ತು.

"ಅರೆ ಬಾಬಾ, ಕೋಡಿಯ ಭೂತಕ್ಕೆ ನಿನ್ನ ಕಂಪ್ಯೂಟರ್ ಪಸಂದ್ ಇಲ್ಲೆ ಕಾಣತ್ತ್," ಎಂದರು ಮಾಲೀಕರು. ತಮಾಷೆಗೆ ಹೇಳಿದ್ದು. ಆದರೂ ಅವರ ಮುಖದಲ್ಲಿ ನಗುವಿರಲಿಲ್ಲ.

ಕೊನೆಗೆ ನಾನೇ ಕೋಣೆಯಲ್ಲಿ ಕೂತೆ, ಬೆಳಗಿನಿಂದ ಸಂಜೆಯವರೆಗೆ, ಹಲವು ದಿನ. ನಾನು ಕೂತಷ್ಟು ದಿನವೂ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಇದು ಎಂಥ ಅವಮಾನ ಎಂದು ಈ ಕೆಲಸ ಮಾಡಿದವರಿಗೆ ಗೊತ್ತು. ರೋಗಿ ಡಾಕ್ಟರನ್ನು ಕಂಡ ಕೂಡಲೇ ಎದ್ದು ಕೂತ ಹಾಗೆ.

ಕೋಣೆಯನ್ನು ನೋಡಿಕೊಳ್ಳಲು ಸಂಘ ಒಬ್ಬ ಹಳೆಯ ತಾಂಡೇಲರನ್ನು ಇಟ್ಟಿತ್ತು. ಕಡಲು ಬಿಟ್ಟು ವರ್ಷಗಳಾಗಿದ್ದವು, ಮಂಡಿ ನೋವು. ನಾನು ಅವರನ್ನು ಮಾವ ಎನ್ನುತ್ತಿದ್ದೆ. ಕರೆಂಟು ಹೋದರೆ, ಚುಕ್ಕಿ ಕಾಣದಿದ್ದರೆ ಫೋನು ಮಾಡುವುದು ಅವರ ಕೆಲಸ. ಸ್ಕ್ರೀನು ನೋಡುವುದು ಅವರಿಗೆ ಬಲು ಇಷ್ಟ. "ಕಾಣ್ ಕಾಣ್, ಅವ ಎಲ್ಲಿಗ್ ಹೋತಾ ಇದ್ದ. ಅಲ್ಲಿ ಎಂತ ಸಿಕ್ಕತ್ತ್ ಅವನಿಗ್, ಕಲ್ಲ್," ಎಂದು ಒಬ್ಬರೇ ಮಾತಾಡುತ್ತಿರುತ್ತಿದ್ದರು.

ಒಂದು ದಿನ ಬೈಂದೂರಿನ ಕಡೆ ಒಂದು ಬೋಟಿನ ಪೆಟ್ಟಿಗೆ ನೋಡಲು ಹೋಗಿದ್ದವಳು ಮಧ್ಯಾಹ್ನ ಹೇಳದೆ ಕೋಡಿಗೆ ಬಂದೆ. ಮಾವ ಊಟಕ್ಕೆ ಮನೆಗೆ ಹೋಗುತ್ತಿದ್ದರು, ದಾರಿಯಲ್ಲೇ ಸಿಕ್ಕರು. ಹೆಗಲ ಮೇಲಿನ ಬೈರಾಸಿನ, ಅಂದರೆ ಟವೆಲಿನ, ತುದಿಯಲ್ಲಿ ಒಂದು ಸಣ್ಣ ಗಂಟು.

"ಎಂತ ಮಾವ ಅದ್, ಎಲೆ ಅಡ್ಕಿಯಾ?"

"ನಿನ್ನ ಕಾಲ್ಡ್," ಎಂದರು. ಗಂಟು ಬಿಚ್ಚಿ ಕಾರ್ಡು ತೋರಿಸಿದರು. ಎಳೆಮಗುವಿನ ಹಾಗೆ ಮೆತ್ತಗೆ ಸುತ್ತಿದ್ದರು ಅದನ್ನು.

"ಇದನ್ನ್ ಎಂತಕ್ಕೆ ತೆಗ್ದ್ರಿ?"

"ಮತ್ತೆ? ಬಿಟ್ಟ್ ಬಪ್ಪುದಾ? ಆ ಕೋಣಿಗ್ ಇಪ್ಪುದ್ ಒಂದ್ ಕುಟ್ಟಿ ಬೀಗ. ಬೋಟಿಂದ ಇಳೂವಾಗ ಜಿಪಿಎಸ್ ಬಿಟ್ಟ್ ಯಾರಾರೂ ಬತ್ರಾ? ಕಳ್ರ್ ಒಂದ್ ಕಡೆ, ಉಪ್ಪು ಗಾಳಿ ಒಂದ್ ಕಡೆ. ನೀ ಕೂಕಂಡ್ರೆ ಅಡ್ಡಿಲ್ಲೆ, ಜನ ಇತ್ತಲ್ಲೆ. ಇಲ್ದಿದ್ರೆ ನಾ ಮನಿಗ್ ತಕಂಡ್ ಹೋತೆ. ಊಟ ಆದ್ಮೇಲ್ ಮತ್ತೆ ಹಾಕ್ತೆ. ಒಂದಿನಾನೂ ಮರ್ತದ್ದಿಲ್ಲೆ ನಾನ್."

ನಮ್ಮ ಕಡೆ ಇದೇ ಪದ್ಧತಿ. ಬೋಟು ಕಟ್ಟಿದ ಮೇಲೆ ಜಿಪಿಎಸ್ಸು, ವಯರ್‌ಲೆಸ್ಸು ಎಲ್ಲ ಕಿತ್ತು ಬೈರಾಸಿನಲ್ಲಿ ಸುತ್ತಿ ಮನೆಗೆ ಒಯ್ಯುತ್ತಾರೆ. ನನ್ನ ಅಪ್ಪಯ್ಯನೂ ಒಯ್ಯುತ್ತಿದ್ದರು. ಬೆಲೆಬಾಳುವ ಸಾಮಾನನ್ನು ಬಿಟ್ಟು ಬರುವವನು ಬೇಜವಾಬ್ದಾರಿ. ಮಾವ ಲ್ಯಾಪ್‌ಟಾಪನ್ನೂ ಒಯ್ಯುತ್ತಿದ್ದರೇನೋ, ಅದನ್ನು ನಾವು ಮೇಜಿಗೆ ಸರಪಳಿ ಹಾಕಿದ್ದೆವು.

ಈಗ ವಿಷಯ ಸ್ಪಷ್ಟವಾಯಿತು. ಕರ್ನಲ್ ತನ್ನಲ್ಲಿರುವ ಪ್ರತಿ ಸಾಧನಕ್ಕೂ ನೆನಪಿನಲ್ಲಿ ಒಂದು ತುಂಡು ಜಾಗ ಕೊಟ್ಟು, ಅದರ ವಿವರವನ್ನು ಅಲ್ಲಿಟ್ಟಿರುತ್ತದೆ. ಆ ತುಂಡುಗಳೆಲ್ಲ ಒಂದರ ಹಿಂದೊಂದು ಸಾಲಾಗಿ ಕಟ್ಟಿಕೊಂಡಿರುತ್ತವೆ. ಡ್ರೈವರು ಹೋಗಿ, ಇಂಥ ಕಂಪೆನಿಯ ಇಂಥ ನಂಬರಿನ ಕಾರ್ಡು ಇದೆಯೇ ಎಂದು ಕೇಳುತ್ತದೆ. ಕರ್ನಲ್ ಸಾಲನ್ನು ಹುಡುಕಿ ಆ ತುಂಡಿನ ವಿಳಾಸ ಕೊಡುತ್ತದೆ. ಹಳೆಯ ವಿಧಾನದಲ್ಲಿ ವಿಳಾಸ ಕೊಟ್ಟವನು ಮರೆತುಬಿಡುತ್ತಾನೆ. ಯಾರಿಗೆ ಕೊಟ್ಟೆ, ಅವರು ಇನ್ನೂ ಅಲ್ಲಿಗೆ ಹೋಗುತ್ತಿದ್ದಾರೆಯೇ ಎಂಬ ಲೆಕ್ಕವಿಲ್ಲ. ಕಾರ್ಡು ಕಿತ್ತಾಗ ಕರ್ನಲ್ ಆ ಜಾಗ ಅಳಿಸಿ ಬೇರೆಯವರಿಗೆ ಕೊಡುತ್ತದೆ. ನನ್ನ ಡ್ರೈವರು ಶುರುವಿನಲ್ಲಿ ತೆಗೆದುಕೊಂಡ ವಿಳಾಸವನ್ನೇ ನಂಬಿ, ಟೈಮರು ಹೊಡೆದಾಗಲೆಲ್ಲ ಅಲ್ಲಿಗೆ ಹೋಗಿ ಓದುತ್ತಿತ್ತು, ಬರೆಯುತ್ತಿತ್ತು. ಕೆಲವು ಸಲ ಆ ಜಾಗ ಖಾಲಿ ಇದ್ದು ಏನೂ ಆಗುತ್ತಿರಲಿಲ್ಲ. ಕೆಲವು ಸಲ ಬೇರೆಯವರ ಸಂಸಾರದೊಳಗೆ ಕೈಹಾಕಿದಂತಾಗಿ ಎಲ್ಲ ನಿಲ್ಲುತ್ತಿತ್ತು. ಮೇಜಿನ ಮೇಲೆ ಸದಾ ಕೂತಿರುವ ಕಂಪ್ಯೂಟರಿಗಾಗಿ ಬರೆದ ಡ್ರೈವರು ಅದು. ಕಾರ್ಡನ್ನು ನಡುವೆ ಯಾರೋ ಕಿತ್ತು ಊಟಕ್ಕೆ ಹೋಗುತ್ತಾರೆಂದು ಬರೆದವರಿಗೆ ಕನಸು ಬಿದ್ದಿರಲಿಲ್ಲ.

ಮಾಲೀಕರ ಪರಿಹಾರ ಸರಳ: ಎಂ-ಸೀಲ್. ಸಂದಿಯ ಬಾಯಿಗೆ ಮೆತ್ತಿ ಒಣಗಿಸಿದೆವು. ಮಾವನಿಗೆ ಕೈ ಮುಗಿದು, ಮುಟ್ಟಬೇಡಿ ಎಂದೆ. ಅವರು ಹೂಂ ಎಂದರು. ವಾರ ಕಳೆಯುವ ಮೊದಲೇ ಮೀನು ಕೊಯ್ಯುವ ಚೂರಿಯಿಂದ ಅದನ್ನು ನಾಜೂಕಾಗಿ ಎಬ್ಬಿಸಿದ್ದರು, ಸಂದಿಯ ಒಂದು ಅಂಚು ಕಿತ್ತುಬಂದಿತ್ತು.

"ಮಾವ, ಮುಟ್ಟುದ್ ಬ್ಯಾಡ ಅಂದೇಳಿ ಹೇಳಿದ್ದೆ ಅಲ್ದಾ?"

"ಹೇಳಿದ್ದೆ. ಆರೆ ಗಾಳಿ ಬಂತ್. ಕಿಟ್ಕಿಯಿಂದ ನೀರ್ ಹಾರ್ತಾ ಇದ್ದಿತ್ತ್. ಹಾಳಾರೆ ನಿನ್ನ ಹೆಸ್ರ್ ಹಾಳಾತ್ತ್ ಅಂದೇಳಿ ತೆಗ್ದ್ ಇಟ್ಟೆ. ಬೈತ್ಯಾ? ಬೈ."

ಬೈಯುವುದು ಹೇಗೆ? ಮಾಲೀಕರು ಅವರನ್ನು ಬದಲಿಸಲು ಸಂಘಕ್ಕೆ ಹೇಳೋಣ ಎಂದರು. ಬೇರೆ ಯಾರು ಬಂದರೂ ಕಡಲಿನಿಂದಲೇ ಬರುವವರು, ಅದೇ ಅಭ್ಯಾಸ. ಅಲ್ಲದೆ ಕೋಣೆಗೆ ಬರುವ ಹತ್ತು ಜನರಲ್ಲಿ ಯಾರ ಮೊಣಕೈ ತಾಗಿದರೂ ಕಾರ್ಡು ಈಚೆ ಬರುತ್ತದೆ. ಕೀಳಬೇಡಿ ಎಂದು ಹೇಳುವುದನ್ನು ನಾನು ಅಂದೇ ಬಿಟ್ಟೆ. ಯಾವಾಗ ಕಿತ್ತರೂ ಸಾಯದ, ಮರಳಿ ಹಾಕಿದರೆ ಕೇಳತೊಡಗುವ ಡ್ರೈವರು ಬರೆಯುತ್ತೇನೆ ಎಂದು ಮಾಲೀಕರಿಗೆ ಹೇಳಿದೆ.

"ಮಳಿ ಬಪ್ಪುಕೆ ಎಷ್ಟ್ ದಿನ ಇತ್ತ್ ಗೊತ್ತಿತ್ತಾ ತಂಗಿ?"

"ಗೊತ್ತಿತ್ತ್ ಸರ್."

"ಆಪ್ಪುದ್ ಹೌದಾ?"

"ಗೊತ್ತಿಲ್ಲೆ ಸರ್."

ಕರ್ನಲ್‌ನ ಹೊಸ ಆವೃತ್ತಿಗಳಲ್ಲಿ ಹುಡುಕುವ ಹೊಸ ವಿಧಾನ ಬಂದಿತ್ತು. ಅದು ವಿಳಾಸ ಕೊಡುವಾಗ ಆ ತುಂಡಿನ ಮೇಲಿರುವ ಎಣಿಕೆಯನ್ನು ಒಂದು ಹೆಚ್ಚಿಸುತ್ತದೆ. ಕೆಲಸ ಮುಗಿದಾಗ ನಾವು ಮರಳಿಸಬೇಕು, ಆಗ ಒಂದು ಇಳಿಯುತ್ತದೆ. ಎಣಿಕೆ ಸೊನ್ನೆ ಆಗುವ ತನಕ ಕಾರ್ಡು ಹೋಗಿದ್ದರೂ ಆ ಜಾಗವನ್ನು ಯಾರೂ ಅಳಿಸುವಂತಿಲ್ಲ. ಮಾವ ಕೇಳಿದ್ದಕ್ಕೆ ನಾನು ಕೈರಂಪಣಿಯ, ಅಂದರೆ ಹಲವರು ದಡದಲ್ಲಿ ನಿಂತು ಎಳೆಯುವ ಬಲೆಯ, ಮಾತಿನಲ್ಲಿ ಹೇಳಿದ್ದೆ: ಬಲೆಯ ಹಗ್ಗ ಎಷ್ಟು ಜನ ಹಿಡಿದಿದ್ದಾರೆಂಬ ಲೆಕ್ಕ ಇರಬೇಕು, ಕೊನೆಯವನು ಕೈಬಿಟ್ಟ ಮೇಲೇ ಹಗ್ಗ ಸುತ್ತಬೇಕು, ಇಲ್ಲದಿದ್ದರೆ ಹಿಡಿದವನು ಬೀಳುತ್ತಾನೆ.

"ಕೊನಿಯವ ಹಗ್ಗ ಹಿಡ್ಕಂಡೇ ನಿದ್ರಿ ಮಾಡ್ರೆ?" ಎಂದರು ಮಾವ.

"ಆಗ ಹಗ್ಗ ಅಲ್ಲೇ ಕೊಳೀತ್ ಮಾವ." ಅದೂ ನಿಜವೇ. ತೆಗೆದುಕೊಂಡದ್ದನ್ನು ಮರಳಿಸದಿದ್ದರೆ ನೆನಪು ಸೋರುತ್ತ ಹೋಗುತ್ತದೆ.

ಕುಂದಾಪುರದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಬೇಕಾದ ಪುಟಗಳನ್ನು ಇಳಿಸಿ, ಹಳೆಯ ಕರೆಯ ಜಾಗಕ್ಕೆ ಹೊಸದನ್ನು ಹಾಕಿದೆ. ಓಡಿಸಿದ ಕೂಡಲೇ ಯಂತ್ರ ಸತ್ತಿತು, ಕಾರ್ಡು ಕೀಳದೆಯೇ. ಮುಂಚೆ ವಾರಕ್ಕೆ ಎರಡು ಸಲ ಸಾಯುತ್ತಿದ್ದದ್ದು ಈಗ ಪ್ರತಿ ಸಲವೂ ಸಾಯತೊಡಗಿತು.

ಕಾರಣ ಸಿಗಲು ಬಹಳ ದಿನ ಬೇಕಾಯಿತು. ನಮ್ಮ ಕಾರ್ಡಿನೊಳಗೆ ಎರಡು ಚಿಪ್ಪು, ಕರ್ನಲ್‌ಗೆ ಅವು ಎರಡು ಬೇರೆ ಸಾಧನ. ಮೊದಲನೆಯದು ಸಿಕ್ಕ ಮೇಲೆ ಅದನ್ನೇ ಗುರುತಾಗಿ ಕೊಟ್ಟು, ಇದರ ಮುಂದಿನದು ಕೊಡು ಎಂದು ಕೇಳಬೇಕು. ಹಾಗೆ ಕೇಳಿದಾಗ ಹೊಸ ವಿಧಾನ ಗುರುತಾಗಿ ಕೊಟ್ಟದ್ದರ ಎಣಿಕೆಯನ್ನು ತಾನೇ ಇಳಿಸಿಬಿಡುತ್ತದೆ. ನಾನೂ ಶಿಸ್ತಿನಿಂದ ಇಳಿಸುತ್ತಿದ್ದೆ. ಒಂದಕ್ಕೆ ಎರಡು ಸಲ ಕಳೆದಾಗ, ಕರ್ನಲ್ ತನಗಾಗಿ ಇಟ್ಟುಕೊಂಡಿದ್ದ ಎಣಿಕೆಯನ್ನೂ ನಾನು ಕಳೆದುಬಿಟ್ಟಂತಾಗಿತ್ತು. ಕಾರ್ಡು ಸಂದಿಯಲ್ಲಿ ಗಟ್ಟಿಯಾಗಿ ಕೂತಿದೆ, ಅದರ ವಿವರ ಮಾತ್ರ ಅಳಿಸಿಹೋಗಿದೆ. ಅದನ್ನು ತಿದ್ದಿದ ಮೇಲೆ ಇನ್ನೊಂದು ತಕರಾರು: ಟೈಮರಿನೊಳಗಿಂದ ಈ ಹುಡುಕಾಟ ನಡೆಸುವಂತಿಲ್ಲ, ಹುಡುಕುವಾಗ ಸಾಲಿನ ಬೀಗಕ್ಕಾಗಿ ಕಾಯಬೇಕಾಗಬಹುದು, ಟೈಮರು ಕಾಯುವ ಜಾಗವಲ್ಲ. ಅದನ್ನೂ ಸರಿಮಾಡಿದೆ. ಆಗ ಮೂರನೆಯದು ಎದುರಾಯಿತು. ಎಣಿಕೆ ಕಾಪಾಡುವುದು ವಿವರವನ್ನು, ಕಾರ್ಡನ್ನಲ್ಲ. ಕಾರ್ಡು ಮಾವನ ಬೈರಾಸಿನಲ್ಲಿರುವಾಗ ಓದಿದರೆ ಕರ್ನಲ್ ಸಾಯುವುದಿಲ್ಲ ನಿಜ, ಆದರೆ ಓದಿದ ಪ್ರತಿ ಬಿಟ್ಟೂ ಒಂದು, ಒಂದು, ಒಂದು ಎಂದೇ ಬರುತ್ತದೆ. ಅದನ್ನು ನಿಜವಾದ ಸಂದೇಶ ಎಂದು ತಿಳಿದ ನನ್ನ ಪ್ರೋಗ್ರಾಮು ಬೋಟೊಂದನ್ನು ಎಲ್ಲೋ ಭೂಮಿಯ ತುದಿಗೆ ಒಯ್ದು ಇಟ್ಟಿತು.

"ಆ ಬೋಟ್ ಈಗ ಎಲ್ಲಿತ್ತ್ ಕಾಂಬ," ಎಂದು ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಸ್ಕ್ರೀನಿಗೆ ಬಗ್ಗಿದರು. "ಹೋ. ಗಲ್ಫಿಗೆ ಹೋಯ್ತ್ ಕಾಣತ್ತ್. ವೀಸಾ ಯಾರ್ ಕೊಟ್ರ್ ತಂಗಿ?"

ಸುತ್ತ ಇದ್ದವರು ನಕ್ಕರು. ನಾನೂ ನಗಬೇಕಾಯಿತು.

ಅಷ್ಟಾದ ಮೇಲೆ ನನಗೆ ಹೊಳೆದದ್ದು, ಹುಡುಕುವುದನ್ನೇ ಬಿಡಬೇಕು ಎಂದು. ಡ್ರೈವರು ತಾನೇ ಹೋಗಿ ಹುಡುಕಬಾರದು. ಇಂಥ ಕಾರ್ಡು ಬಂದರೆ ನನಗೆ ಹೇಳು, ಹೋಗುವಾಗಲೂ ಹೇಳು ಎಂದು ಕರ್ನಲ್‌ನಲ್ಲಿ ತನ್ನ ಹೆಸರು ಬರೆಸಿ ಸುಮ್ಮನಿರಬೇಕು. ಬಂತು ಎಂದಾಗ ಕೆಲಸ ಶುರು. ಹೋಗುತ್ತದೆ ಎಂದಾಗ ಟೈಮರು ನಿಲ್ಲಿಸಿ, ನಡೆಯುತ್ತಿರುವ ಓದು ಮುಗಿಯಲು ಕಾದು, ಹಿಡಿದದ್ದೆಲ್ಲ ಬಿಟ್ಟು, ಆಮೇಲೆ ಹೋಗಲು ಬಿಡುವುದು. ಬಂದ ಉತ್ತರದಲ್ಲಿ ಬರೀ ಒಂದುಗಳೇ ಇದ್ದರೆ ಅದನ್ನು ಸಂದೇಶ ಎಂದು ನಂಬುವುದಿಲ್ಲ. ಹಳೆಯ ಡ್ರೈವರಿನ ಮುಕ್ಕಾಲು ಭಾಗ ಕಿತ್ತೆಸೆದು ಬರೆದೆ. ಇದನ್ನು ಮೊದಲೇ ಮಾಡಬೇಕಿತ್ತು ಎಂದು ಈಗ ಹೇಳುವುದು ಸುಲಭ. ಆಗ ನನಗೆ ಹೇಳಿಕೊಡಲು ಕುಂದಾಪುರದಲ್ಲಿ ಒಬ್ಬರೂ ಇರಲಿಲ್ಲ.

ಪರೀಕ್ಷೆಗೆ ಮಾವನನ್ನೇ ಕೂರಿಸಿದೆ. "ಕೀಳಿ ಮಾವ."

"ಬೈತಿಲ್ಲೆ ಅಲ್ದಾ?"

"ಇಲ್ಲೆ. ಎಷ್ಟ್ ಸಲ ಬೇಕಾರೂ ಕೀಳಿ."

ಅವರು ಕಿತ್ತರು, ಹಾಕಿದರು, ಓಡುತ್ತಿರುವಾಗ ಕಿತ್ತರು, ಅರ್ಧ ಹಾಕಿ ಕಿತ್ತರು. ಬೆವರು ಬಂದ ಮೇಲೆ ಬೈರಾಸಿನಿಂದ ಮುಖ ಒರೆಸಿಕೊಂಡು, "ಕೈ ಸೋತ್ತ್ ಹೆಣೆ. ಸಾಯುದಿಲ್ಲೆ ಇದ್," ಎಂದರು. ಕಾರ್ಡು ಇಲ್ಲದಾಗ ಸ್ಕ್ರೀನಿನಲ್ಲಿ ಚುಕ್ಕಿಗಳು ಬೂದು ಬಣ್ಣಕ್ಕೆ ತಿರುಗಿ, ಹಾಕಿದ ಕೂಡಲೇ ಒಂದೊಂದಾಗಿ ಹಸಿರಾಗುತ್ತಿದ್ದವು. ಆ ದಿನ ನಾನು ಮನೆಗೆ ಹೋಗಿ ಅಬ್ಬಿಗೆ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ, ಆದರೆ ಬಂಗಡೆ ಹುರಿದು ಕೊಟ್ಟಳು. ಇಡೀ ಕೆಲಸದಲ್ಲಿ ನನಗೆ ಸಂತೋಷವಾದದ್ದು ಆ ಒಂದು ದಿನ.

ಅದಾದ ಮೇಲೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಬೋಟುಗಳು ಮಾತ್ರ ಮಾಯವಾಗತೊಡಗಿದವು.

ಬೆಳಿಗ್ಗೆ ಅಳಿವೆಬಾಯಿ ದಾಟುವಾಗ ಎಲ್ಲ ಚುಕ್ಕಿಗಳೂ ಹಸಿರು. ಸ್ವಲ್ಪ ಹೊರಗೆ ಹೋದ ಮೇಲೆ ಒಂದೊಂದಾಗಿ ಬೂದು. ಸಂಜೆ ದಕ್ಕೆ ಹತ್ತಿರ ಬರುವಾಗ ಮತ್ತೆ ಹಸಿರು. ನನ್ನ ಡ್ರೈವರಿನದೇ ತಪ್ಪೆಂದು ನಾನು ಮತ್ತೆ ಮೊದಲಿನಿಂದ ಓದಿದೆ. ರಿಸೀವರು ಬದಲಿಸಿದೆ. ಕಂಬದ ವಯರು ನೋಡಿಸಿದೆ. ಎಲ್ಲ ಸರಿಯಾಗಿತ್ತು. ಕೊನೆಗೆ ಮಾವನನ್ನು ಕೇಳಿದೆ.

ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ಪೆಟ್ಗಿ ಬಂದ್ ಮಾಡ್ತ್ರ್."

"ಯಾರ್?"

"ನಿನ್ನ ಅಣ್ಣ ಒಬ್ಬನ್ ಬಿಟ್ಟ್ ಎಲ್ಲಾ ತಾಂಡೇಲ್ರೂ. ದಿನಾ ಈ ಕೋಣಿಗ್ ಎಷ್ಟ್ ಜನ ಬಂದ್ ಸ್ಕ್ರೀನ್ ಕಾಂತ್ರ್ ನಿಂಗೊತ್ತಿಲ್ಯಾ? ನೀನ್ ಮಿಷನ್ ಕಾಂತೆ, ಅವ್ರ್ ಮೀನ್ ಕಾಂತ್ರ್. ಒಬ್ಬ ಎಲ್ಲಿ ಬಲಿ ಬಿಟ್ಟ ಅಂದೇಳಿ ಕಂಡ್ರೆ ಮರ್ದಿನ ಇಡೀ ದಕ್ಕೆ ಅಲ್ಲಿ. ನಾನ್ ಬೋಟಲ್ ಇದ್ದಾಗ ನನ್ನ ಜಾಗ ನನ್ನ ತಮ್ಮನಿಗೂ ಹೇಳದ್ದಿಲ್ಲೆ."

"ಮೊದ್ಲೇ ಹೇಳೂಕಾಗಿತ್ತಲ್ಲ ಮಾವ."

"ನೀ ಕಾಲ್ಡ್ ವಿಷ್ಯ ಕೇಂಡೆ, ಹೇಳ್ದೆ. ಇದ್ ನೀ ಕೇಳದ್ದೇ ಇಲ್ಲೆ."

ನಾನು ಕಾರ್ಯದರ್ಶಿಯ ಬಳಿ ಹೋಗಿ, ಸ್ಕ್ರೀನನ್ನು ಮುಚ್ಚಿಡೋಣ, ತೊಂದರೆ ಆದಾಗ ಮಾತ್ರ ತೆರೆಯೋಣ ಎಂದೆ. ಅವರು ನಕ್ಕರು. "ಬೀಗದ ಕೈ ಯಾರ್ ಹತ್ರ ಇಡುದ್? ನನ್ ಹತ್ರ? ನನ್ನದೇ ಮೂರ್ ಬೋಟ್ ಇತ್ತ್ ಮಾರಾಯ್ತಿ. ಯಾರ್ ನಂಬ್ತ್ರ್?"

ಅಣ್ಣನನ್ನು ಕೇಳಿದೆ. ಅವನು ಬಲೆ ಹೆಣೆಯುತ್ತಿದ್ದ, ತಲೆ ಎತ್ತಲಿಲ್ಲ. "ನನ್ನದ್ ಹಸ್ರೇ ಇತ್ತಲ್ಲೆ? ನೀ ತಂಗಿ ಅಂದೇಳಿ ಇಟ್ಕಂಡಿದ್ದೆ."

ಹೌದು, ಅವನ ಚುಕ್ಕಿಯೊಂದು ಹಸಿರಾಗಿಯೇ ಇರುತ್ತಿತ್ತು. ಅದರ ಫಲವೂ ನನಗೆ ಆಮೇಲೆ ಗೊತ್ತಾಯಿತು. ಅವನು ಬಲೆ ಬಿಟ್ಟಲ್ಲಿಗೆ ಉಳಿದವರು ಬರುತ್ತಿದ್ದರು, ಅವನ ಬೋಟಿನ ಜನ ಅವನಿಗೆ ಬೈಯುತ್ತಿದ್ದರು. ಎಷ್ಟು ದಿನ ತಡೆದನೋ. ಮಳೆಗಾಲ ಹತ್ತಿರ ಬಂದಾಗ ಅವನ ಚುಕ್ಕಿಯೂ ಹೊರಗೆ ಹೋದ ಮೇಲೆ ಬೂದಾಗತೊಡಗಿತು. ನಾನು ಕೇಳಲಿಲ್ಲ. ಅತ್ತಿಗೆಗೂ ಹೇಳಲಿಲ್ಲ.

ತೆಂಕಣ ಗಾಳಿ ಎದ್ದ ಒಂದು ದಿನ ಉಳಿದ ಬೋಟುಗಳು ಮಧ್ಯಾಹ್ನವೇ ಮರಳಿದವು. ಅಣ್ಣನದು ಬರಲಿಲ್ಲ. ಫೋನು ಹೋಗುತ್ತಿರಲಿಲ್ಲ, ವಯರ್‌ಲೆಸ್ಸಿಗೆ ಉತ್ತರವಿಲ್ಲ. ಮರುದಿನ ಬೆಳಿಗ್ಗೆಯೂ ಬರಲಿಲ್ಲ. ಅತ್ತಿಗೆ ಕೋಣೆಗೆ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಳು. ಅವಳು ಆ ಕೋಣೆಗೆ ಬಂದದ್ದು ಅದೇ ಮೊದಲು.

"ಎಲ್ಲಿದ್ರ್?"

ನಾನು ಬೂದು ಚುಕ್ಕಿ ತೋರಿಸಿದೆ. "ಕೊನಿಗ್ ಕಂಡದ್ದ್ ಇಲ್ಲಿ. ನಿನ್ನೆ ಬೆಳಿಗ್ಗೆ."

"ಈಗ?"

"ಈಗ ಕಾಂತಿಲ್ಲೆ ಅತ್ತಿಗೆ."

"ಮಿಷನ್ ನಿಂತಿತ್ತಾ?"

ಅದಕ್ಕೆ ಹೌದು ಎನ್ನಲು ನನ್ನ ಬಾಯಿ ತೆರೆದಿತ್ತು. ಹಾಗೆ ಹೇಳಿದ್ದರೆ ಅವಳಿಗೆ ನನ್ನ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದಿದ್ದರೆ ಅಷ್ಟರ ಮಟ್ಟಿಗೆ ಹಗುರಾಗುತ್ತಿದ್ದಳು. ಆದರೆ ಯಂತ್ರ ನಿಂತಿರಲಿಲ್ಲ. ಕಾರ್ಡು ಇದೆ, ನಾಲ್ಕೂ ರಿಸೀವರು ಇವೆ, ಕೇಳುತ್ತಿವೆ, ಕೇಳಲು ಏನೂ ಇಲ್ಲ ಎಂದು ಡ್ರೈವರು ಸಾಲು ಸಾಲಾಗಿ ಬರೆಯುತ್ತಿತ್ತು. ಇಲ್ಲದ್ದನ್ನು ಇಲ್ಲ ಎಂದೇ ಹೇಳುವುದನ್ನು ನಾನು ಅದಕ್ಕೆ ಅಷ್ಟು ಕಷ್ಟಪಟ್ಟು ಕಲಿಸಿದ್ದೆ.

"ಇಲ್ಲೆ, ಮಿಷನ್ ಸಮಾ ಇತ್ತ್. ಅಣ್ಣ ಪೆಟ್ಗಿ ಬಂದ್ ಮಾಡಿದ್ದ."

ಅವಳು ಇಡೀ ದಿನ ಕೂತಿದ್ದಳು. ಮಾವ ಚಾ ತಂದಿಟ್ಟರು, ಅದು ಹಾಗೆಯೇ ಕೆನೆಗಟ್ಟಿತು. ಹುಡುಕಲು ಹೋದ ಬೋಟುಗಳು ನಾನು ತೋರಿಸಿದ ಕೊನೆಯ ಜಾಗದ ಸುತ್ತ ಸುತ್ತಿ ಬರಿಗೈಯಲ್ಲಿ ಬಂದವು.

ಮಾರನೆಯ ದಿನ ಶಿರೂರಿನ ಕಡೆಯ ಒಂದು ಬೋಟು ಅಣ್ಣನ ಬೋಟನ್ನು ಎಳೆದುಕೊಂಡು ಬಂತು. ಇಂಜಿನ್ ಕೋಣೆಗೆ ನೀರು ನುಗ್ಗಿತ್ತು, ಬ್ಯಾಟರಿ ಮುಳುಗಿತ್ತು. ಜನ ಎಲ್ಲ ಜೀವಂತ ಇದ್ದರು, ತುಟಿ ಒಡೆದು ಮಾತು ಬರುತ್ತಿರಲಿಲ್ಲ, ಅಷ್ಟೇ. ಎರಡು ದಿನ ಬಿಟ್ಟು ನಾನು ಅಣ್ಣನನ್ನು ಕೇಳಿದೆ. ಅತ್ತಿಗೆ ಅಲ್ಲೇ ಗಂಜಿ ಬಡಿಸುತ್ತಿದ್ದಳು.

"ನೀರ್ ಬಂದಾಗಾರೂ ಪೆಟ್ಗಿ ಹಾಕುಕ್ ಆಯ್ಲಿಲ್ಯಾ?"

"ಹಾಕುಕ್ ಹೋಪತಿಗ್ ಬ್ಯಾಟ್ರಿ ಹೋಯ್ದ್."

"ಮುಂಚೆನೇ ಬಂದ್ ಮಾಡದಿದ್ರೆ ಎಲ್ಲಿ ನೀರ್ ನುಗ್ಗಿತ್ ಅಂದೇಳಿಯಾರೂ ಗೊತ್ತಾತಿತ್ತ್."

"ಹೌದ್," ಎಂದ. ಗಂಜಿ ಉಂಡ. ಉಂಡು ಮುಗಿಸಿ ಹೇಳಿದ: "ಇನ್ನ್ ಹೋರೂ ಬಂದೇ ಮಾಡ್ತೆ. ಸುಳ್ಳ್ ಹೇಳೂದ್ ಎಂತಕ್ಕೆ ನಿಂಗೆ. ನಂದ್ ಒಬ್ಬನ ಬೋಟಲ್ಲ ಅದ್, ಏಳ್ ಮನಿ ಉಣ್ಕ್."

ಸಂಘ ಆ ವಾರವೇ ತೀರ್ಮಾನ ಮಾಡಿತು. ಕಡಲು ಬಂದ್ ಆದ ಕೂಡಲೇ ಎಲ್ಲ ಬಿಚ್ಚುವುದು. ಬೇಕಾದಾಗ ತೋರಿಸಲಿಲ್ಲ ಎಂದು ಕಾರಣ ಕೊಟ್ಟರು. ಮಾಲೀಕರು ವಾದಿಸಲಿಲ್ಲ. "ಛೋಡ್ ದೋ, ಬಿಡ್ ತಂಗಿ," ಎಂದರು. ನಾನು ಮಾತ್ರ ಹೋಗಿ ವಾದಿಸಿದೆ, ಯಂತ್ರದಲ್ಲಿ ತಪ್ಪಿರಲಿಲ್ಲ ಎಂದು ಪುರಾವೆ ಸಮೇತ ತೋರಿಸಿದೆ. ಕಾರ್ಯದರ್ಶಿ ಎಲ್ಲ ಕೇಳಿ, "ಅದೇ ಅಲ್ದಾ ನಾವ್ ಹೇಳುದ್, ಮಿಷನ್ ಸಮಾ ಇದ್ರೂ ಬೋಟ್ ಕಾಂತಿಲ್ಲೆ," ಎಂದರು.

ಅಣ್ಣನ ಬೋಟು ರಿಪೇರಿಯಾಗಿ, ಸೀಸನ್ ಮುಗಿಯುವ ಮುಂಚೆ ಒಂದೆರಡು ಸಲವಾದರೂ ಹೋಗಬೇಕೆಂದು ಮತ್ತೆ ಹೊರಟಿತು. ಆ ಬೆಳಿಗ್ಗೆ ಅತ್ತಿಗೆ ಮತ್ತೆ ಕೋಣೆಗೆ ಬಂದಳು.

"ಅವ್ರಿಗ್ ಬಂದ್ ಮಾಡುಕ್ ಆಗ್ದ ಹಾಂಗೆ ನೀನ್ ಒಂದ್ ಪೆಟ್ಗಿ ಮಾಡುಕಾತ್ತಾ?"

ನಾನು ನಿಜವಾಗಿ ಯೋಚಿಸಿದೆ. ಸ್ವಿಚ್ಚು ತೆಗೆದರೆ ಫ್ಯೂಸು ಕೀಳುತ್ತಾರೆ. ಫ್ಯೂಸು ಒಳಗಿಟ್ಟರೆ ವಯರು. ಒಳಗೇ ಬ್ಯಾಟರಿ ಇಟ್ಟು ಮುಚ್ಚಿದರೆ ಆಂಟೆನಾದ ಮೇಲೊಂದು ತಗಡಿನ ಡಬ್ಬ.

"ಆತಿಲ್ಲೆ ಅತ್ತಿಗೆ."

"ಮತ್ತೆ ಇಷ್ಟ್ ದಿನ ಎಂತ ಮಾಡ್ದೆ ನೀನ್?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದೆ ಕೇಳಿದ ಪ್ರಶ್ನೆ ಅದು. ಕಾರ್ಡು ಕಿತ್ತರೂ ನಿಲ್ಲದ ಹಾಗೆ ಮಾಡಿದೆ ಎಂದು ಹೇಳಬಹುದಿತ್ತು.

ಇಬ್ಬರೂ ಸ್ಕ್ರೀನು ನೋಡುತ್ತ ಕೂತೆವು. ಅಣ್ಣನ ಚುಕ್ಕಿ ಅಳಿವೆಬಾಯಿ ದಾಟಿತು, ಹಸಿರು. ಬಡಗಕ್ಕೆ ತಿರುಗಿತು, ಹಸಿರು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಹಿಡಿದಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಚುಕ್ಕಿ ಬೂದಾಯಿತು. ನಾನು ಅಭ್ಯಾಸಬಲದಿಂದ ಡ್ರೈವರಿನ ಸಾಲುಗಳನ್ನು ನೋಡಿದೆ. ಎಲ್ಲ ಸರಿಯಾಗಿತ್ತು. ತಲೆ ಎತ್ತುವಾಗ ಅತ್ತಿಗೆ ಎದ್ದು ದಕ್ಕೆಯ ಕಡೆ ಹೋಗಿಯಾಗಿತ್ತು.